ಆಯಿಲ್ ಪಂಪಿನ ಬೋಲ್ಟು ಸಡಿಲವಾದರೆ



ಕಳೆದ ಕಡಲೆಕಾಯಿ ಸುಗ್ಗಿಯಲ್ಲಿ ಗುಡಿಬಂಡೆ ಹತ್ತಿರದ ಹಳ್ಳಿಯ ರೈತರೊಬ್ಬರ ಟ್ರ್ಯಾಕ್ಟರು ಕಣದಲ್ಲೇ ನಿಂತುಹೋಯಿತು. ಗಿಡ ಕಿತ್ತು ಮೆದೆ ಹಾಕಿದ್ದರು. ಮೋಡ ಕವಿದಿತ್ತು. ಕಾಯಿ ಬಿಡಿಸುವ ಯಂತ್ರ ಜೋಡಿಸಿ ಅರ್ಧ ದಿನವೂ ಆಗಿರಲಿಲ್ಲ, ಎಂಜಿನ್ ಕಚ್ಚಿಕೊಂಡಿತು. ನಾವು ಹೋಗಿ ವಿಚಾರಿಸಿದಾಗ, "ಸ್ವಾಮಿ, ಆಯಿಲಿನ ಕೆಂಪು ದೀಪ ಎರಡು ದಿನದಿಂದ ಮಿಣುಕ್ತಾ ಇತ್ತು. ವೈರು ಲೂಸಾಗಿರ್ಬೇಕು ಅಂದ್ಕೊಂಡೆ" ಎಂದರು. ಮೇಸ್ತ್ರಿ ಚೇಂಬರು ಬಿಚ್ಚಿದರೆ, ಆಯಿಲ್ ಪಂಪನ್ನು ಹಿಡಿದಿದ್ದ ಬೋಲ್ಟುಗಳಲ್ಲಿ ಒಂದು ಕೆಳಗೆ ಬಿದ್ದಿತ್ತು, ಉಳಿದವು ಬೆರಳಿನಲ್ಲೇ ತಿರುಗುತ್ತಿದ್ದವು. ಕೆಲವೇ ರೂಪಾಯಿಯ ಬೋಲ್ಟಿಗಾಗಿ ಕ್ರ್ಯಾಂಕ್ ಗ್ರೈಂಡಿಂಗು, ಬೇರಿಂಗು, ಕೂಲಿ ಎಂದು ಆ ವರ್ಷದ ಬೆಳೆಯ ಹಣವೆಲ್ಲ ಹೋಯಿತು. ಆದ್ದರಿಂದ ಈ ಸಾರಿ ಇದರ ವಿಷಯವನ್ನೇ ಬರೆಯುತ್ತಿದ್ದೇವೆ.

ಡೀಸೆಲ್ ಎಂಜಿನ್ನಿಗೂ ಕಡಲೆಕಾಯಿಗೂ ಹಳೆಯ ನಂಟು ಎಂದರೆ ನಮ್ಮ ರೈತರು ನಗಬಹುದು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ನನ್ನು ಕಡಲೆಕಾಯಿ ಎಣ್ಣೆಯಿಂದಲೇ ಓಡಿಸಿ ತೋರಿಸಿದ್ದರು. ಅದು ಉರಿಸುವ ಎಣ್ಣೆಯ ಮಾತು. ಇಲ್ಲಿ ಹೇಳುವುದು ಎಂಜಿನ್ನನ್ನು ಬದುಕಿಸುವ ಎಣ್ಣೆಯ ಮಾತು.

ಓಡುವ ಎಂಜಿನ್ನಿನಲ್ಲಿ ಕ್ರ್ಯಾಂಕು ಬೇರಿಂಗಿಗೆ ತಾಗುವುದಿಲ್ಲ. ಕೂದಲಿಗಿಂತ ತೆಳುವಾದ ಆಯಿಲಿನ ಪದರದ ಮೇಲೆ ತೇಲುತ್ತಿರುತ್ತದೆ. ಆ ಪದರವನ್ನು ಉಳಿಸುವುದು ಪಂಪು. ಅನೇಕ ದೊಡ್ಡ ಎಂಜಿನ್‌ಗಳಲ್ಲಿ ಅದು ಚೇಂಬರಿನೊಳಗೆ, ಬ್ಲಾಕಿನ ಅಡಿಭಾಗಕ್ಕೆ ಬೋಲ್ಟುಗಳಿಂದ ಕಚ್ಚಿಕೊಂಡಿರುತ್ತದೆ. ಕೆಲವುಗಳಲ್ಲಿ ಮುಂಭಾಗದ ಗೇರುಗಳ ಬಳಿ ಇರುತ್ತದೆ. ಬೋಲ್ಟು ಸಡಿಲವಾದರೆ ಪಂಪು ಅಲುಗುತ್ತದೆ, ಗೇರಿನ ಹಲ್ಲುಗಳು ಸರಿಯಾಗಿ ಕೂಡುವುದಿಲ್ಲ, ಜೋಡಣೆಯ ಸಂದಿನಲ್ಲಿ ಆಯಿಲ್ ಸೋರುತ್ತದೆ, ಹೀರುವ ಕೊಳವೆ ಗಾಳಿ ಎಳೆಯುತ್ತದೆ. ಒತ್ತಡ ಬಿದ್ದುಹೋಗುತ್ತದೆ. ಆಮೇಲೆ ಬೇರಿಂಗು ಸುಡಲು ಕೆಲವು ನಿಮಿಷ ಸಾಕು.

ದೀಪ ಮಿಣುಕಿದರೆ, ಅಥವಾ ಮೀಟರಿನ ಮುಳ್ಳು ನಡುಗಿದರೆ, ಮೊದಲು ಎಂಜಿನ್ ನಿಲ್ಲಿಸಿರಿ. "ಈ ಸಾಲು ಮುಗಿಸಿಬಿಡೋಣ" ಎನ್ನುವುದೇ ದುಬಾರಿಯ ಮಾತು. ಕಡ್ಡಿ ತೆಗೆದು ಆಯಿಲ್ ಮಟ್ಟ ನೋಡಿರಿ. ಆಯಿಲ್ ತೀರಾ ತೆಳ್ಳಗಾಗಿ ಡೀಸೆಲ್ ವಾಸನೆ ಬರುತ್ತಿದೆಯೇ ನೋಡಿರಿ. ಎರಡೂ ಸರಿಯಿದ್ದರೆ ಮೇಸ್ತ್ರಿಯಿಂದ ಬೇರೆ ಪ್ರೆಶರ್ ಮೀಟರು ಹಾಕಿಸಿ ಪರೀಕ್ಷಿಸಿರಿ. ವೈರಿನ ದೋಷವೋ ಪಂಪಿನ ದೋಷವೋ ಅಲ್ಲೇ ತಿಳಿಯುತ್ತದೆ. ಸುಮ್ಮಸುಮ್ಮನೆ ಪ್ರತಿ ಸಾರಿ ಆಯಿಲ್ ಬದಲಿಸುವಾಗ ಚೇಂಬರು ಬಿಚ್ಚಬೇಕೆಂದು ನಾವು ಹೇಳುವುದಿಲ್ಲ. ಅದರಿಂದ ಧೂಳು ಒಳಗೆ ಹೋಗುವುದೇ ಹೆಚ್ಚು. ಆದರೆ ಬೇರಿಂಗಿಗೋ ಬೇರೆ ಕೆಲಸಕ್ಕೋ ಬಿಚ್ಚಿದಾಗ ಪಂಪಿನ ಬೋಲ್ಟುಗಳನ್ನು ನೋಡದೆ ಮುಚ್ಚಲು ಬಿಡಬೇಡಿರಿ.

ಬೋಲ್ಟು ಏಕೆ ಸಡಿಲವಾಗುತ್ತದೆ? ಅದುರುವಿಕೆ ಒಂದು ಕಾರಣ. ಆದರೆ ನಾವು ಕಂಡಂತೆ ಮೂಲ ಹೆಚ್ಚಾಗಿ ಹಿಂದಿನ ರಿಪೇರಿಯಲ್ಲೇ ಇರುತ್ತದೆ. ಹಳೆಯ ಪ್ಯಾಕಿಂಗಿನ ಚೂರು ಅಡಿಯಲ್ಲಿ ಉಳಿದಿರುತ್ತದೆ. ಚಪ್ಪಟೆಯಾದ ಸ್ಪ್ರಿಂಗ್ ವಾಷರನ್ನೇ ಮತ್ತೆ ಹಾಕಿರುತ್ತಾರೆ. ಉದ್ದದ ಬೋಲ್ಟು ಸಿಕ್ಕಿತೆಂದು ಹಾಕಿದರೆ ಅದು ತೂತಿನ ತಳಕ್ಕೆ ತಾಗಿ ನಿಲ್ಲುತ್ತದೆ. ಕೈಗೆ ಬಿಗಿಯೆನಿಸಿದರೂ ಪಂಪನ್ನು ಹಿಡಿದಿರುವುದಿಲ್ಲ. ತಳವಿರುವ ತೂತಿನಲ್ಲಿ ಆಯಿಲ್ ನಿಂತಿದ್ದರೂ ಇದೇ ಮೋಸ. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಳೆಯುವ ಪೈಲ್ವಾನರೂ ಇದ್ದಾರೆ. ಹಾಗೆ ಎಳೆದ ಬೋಲ್ಟು ಒಳಗೇ ಹಿಗ್ಗಿ ಸೋತಿರುತ್ತದೆ.

ಬೋಲ್ಟಿನ ತಲೆಯ ಮೇಲೆ 8.8, 10.9 ಎಂಬ ಅಂಕಿಗಳನ್ನು ಕಾಣುವಿರಿ. ಅದು ಅದರ ಬಲದ ಗುರುತು. ತೆಗೆದ ಬೋಲ್ಟಿನ ಅಂಕಿ, ಉದ್ದ, ಮರೆ ಮೂರೂ ಹೊಸದರಲ್ಲಿ ಹೊಂದಬೇಕು. ಸಾಮಾನ್ಯವಾಗಿ 8.8 ಗುರುತಿನ 8 ಮಿ.ಮೀ. ಬೋಲ್ಟಿಗೆ ಸುಮಾರು 25 ನ್ಯೂಟನ್ ಮೀಟರ್, 10 ಮಿ.ಮೀ. ಬೋಲ್ಟಿಗೆ ಸುಮಾರು 50 ಬಿಗಿತ ಕೊಡುತ್ತಾರೆ. ಆದರೂ ನಿಮ್ಮ ಎಂಜಿನ್ನಿನ ಪುಸ್ತಕದಲ್ಲಿ ಬರೆದ ಅಂಕಿಯೇ ಕೊನೆಯ ಮಾತು. ಟಾರ್ಕ್ ರೆಂಚ್ ಇರುವ ಮೇಸ್ತ್ರಿಯನ್ನೇ ಹುಡುಕಿರಿ. ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿಸಬೇಕು. ಮಡಚುವ ಲಾಕ್ ತಗಡು ಇದ್ದರೆ ಹೊಸದೇ ಹಾಕಬೇಕು. ಜಾಲರಿ ತೊಳೆದು, ಜೋಡಿಸುವ ಮೊದಲು ಪಂಪಿಗೆ ಆಯಿಲ್ ತುಂಬಿಸಬೇಕು. ಒಣ ಪಂಪು ಬೇಗ ಹೀರುವುದಿಲ್ಲ. ಸ್ಟಾರ್ಟ್ ಮಾಡಿದ ಕೆಲವು ಸೆಕೆಂಡಿನಲ್ಲಿ ಒತ್ತಡ ಏರದಿದ್ದರೆ ಕೂಡಲೇ ನಿಲ್ಲಿಸಬೇಕು.

ಇನ್ನು ಆರೋಗ್ಯದ ಮಾತು. ಟ್ರ್ಯಾಕ್ಟರನ್ನು ಬರೀ ಜಾಕಿಯ ಮೇಲೆ ನಿಲ್ಲಿಸಿ ಕೆಳಗೆ ನುಸುಳಬೇಡಿರಿ. ಗಟ್ಟಿ ಮರದ ದಿಮ್ಮಿ ಕೊಡಿರಿ, ಚಕ್ರಕ್ಕೆ ಕಲ್ಲು ಇಡಿರಿ. ಬಾಗಿಲು ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ ಓಡಿಸಿ ನೋಡಬೇಡಿರಿ, ಹೊಗೆ ಕೊಲ್ಲುತ್ತದೆ. ಬಳಸಿದ ಕಪ್ಪು ಆಯಿಲಿನಲ್ಲಿ ಕ್ಯಾನ್ಸರ್ ತರಬಲ್ಲ ವಸ್ತುಗಳಿರುತ್ತವೆ. ಕೈಗೆ ಹತ್ತಿದ್ದನ್ನು ಡೀಸೆಲಿನಿಂದಲ್ಲ, ಸೋಪಿನಿಂದ ತೊಳೆಯಿರಿ. ನೆನೆದ ಬಟ್ಟೆಯನ್ನು ಜೇಬಿನಲ್ಲಿ ಇಟ್ಟುಕೊಳ್ಳಬೇಡಿರಿ. ದನದ ಗಾಯಕ್ಕೆ, ಕಜ್ಜಿಗೆ ಅದನ್ನು ಬಳಿಯುವ ರೂಢಿ ನಮ್ಮಲ್ಲಿದೆ. ದಯವಿಟ್ಟು ಬಿಡಿರಿ, ದನ ನೆಕ್ಕಿಕೊಳ್ಳುತ್ತದೆ. ಬಾವಿಯ ಬಳಿ ಚೆಲ್ಲದೆ ಡಬ್ಬಿಯಲ್ಲಿ ತುಂಬಿ, ಹಳೆ ಆಯಿಲ್ ಕೊಳ್ಳುವವರಿಗೆ ಕೊಡಿರಿ. ಆ ಡಬ್ಬಿ ಅಡಿಗೆ ಎಣ್ಣೆಯದಾಗಿದ್ದರೆ ಮೇಲೆ ದೊಡ್ಡದಾಗಿ ಗುರುತು ಹಾಕಿ, ಮಕ್ಕಳ ಕೈಗೆ ಎಟುಕದ ಕಡೆ ಇಡಿರಿ.