ಹಿಡಿದು ಬಿಡುವ ಲೋಹ

ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೆ ರಸಾಯನಶಾಸ್ತ್ರದಲ್ಲಿ ಯಾವ ಅಧಿಕಾರವೂ ಇಲ್ಲ. ಆದರೆ ಹಳೆಯದೊಂದು ಕುತೂಹಲವುಂಟು. ನನ್ನ ಬಾಲ್ಯದಲ್ಲಿ ವನಸ್ಪತಿಯ ಖಾಲಿ ಡಬ್ಬದಲ್ಲಿ ನಮ್ಮ ತಾಯಿ ತುಳಸಿ ನೆಟ್ಟಿದ್ದರು. ಕಾಳಿನಿಂದ ತೆಗೆದ ಎಣ್ಣೆ ತುಪ್ಪದಂತೆ ಗಟ್ಟಿಯಾಗುವುದು ಹೇಗೆ ಎಂದು ನಾನು ಕೇಳಿದರೆ ಮನೆಯಲ್ಲಿ ಉತ್ತರ ಹೇಳುವವರಿರಲಿಲ್ಲ. ಆ ಉತ್ತರದ ಬೇರು ಫ್ರಾನ್ಸ್ ದೇಶದ ತುಲೂಸ್ ನಗರದ ಒಂದು ಪ್ರಯೋಗಶಾಲೆಯಲ್ಲಿದೆಯೆಂದು ಬಹುಕಾಲದ ಮೇಲೆ ಓದಿ ತಿಳಿದೆ.

ಆ ಪ್ರಯೋಗಶಾಲೆಯ ಒಡೆಯ ಪಾಲ್ ಸಬಾಟಿಯೆ. 1854ರಲ್ಲಿ ಕಾರ್ಕಾಸೋನ್ ಎಂಬ ಊರಿನಲ್ಲಿ ಹುಟ್ಟಿದ ಇವರು 1884ರಲ್ಲಿ ತುಲೂಸ್‌ನಲ್ಲಿ ಪ್ರಾಧ್ಯಾಪಕರಾದರು. 1907ರಲ್ಲಿ ಪ್ಯಾರಿಸ್ಸಿನ ಹಿರಿಯ ಪೀಠಗಳು ಕೈಬೀಸಿ ಕರೆದರೂ ತಮ್ಮ ಊರನ್ನು ಬಿಡಲಿಲ್ಲ. 1941ರಲ್ಲಿ ತೀರಿಕೊಂಡದ್ದೂ ತುಲೂಸ್‌ನಲ್ಲಿಯೇ.

ಅವರ ಸಂಶೋಧನೆ ಆರಂಭವಾದದ್ದು ಇತರರು ಕೈಬಿಟ್ಟ ಒಂದು ಪ್ರಯೋಗದಿಂದ. 1896ರಲ್ಲಿ ಖ್ಯಾತ ವಿಜ್ಞಾನಿ ಮ್ವಾಸಾನ್ ಮತ್ತು ಅವರ ಸಹೋದ್ಯೋಗಿ ನುಣ್ಣಗಿನ ನಿಕಲ್ ಪುಡಿಯ ಮೇಲೆ ಅಸಿಟಿಲೀನ್ ಅನಿಲವನ್ನು ಹಾಯಿಸಿದ್ದರು. ಲೋಹ ನಿಗಿನಿಗಿ ಕಾದಿತು, ಇಂಗಾಲ ಶೇಖರವಾಯಿತು; ಹೊರಬಂದ ಅನಿಲ ಜಲಜನಕವೆಂದು ಅವರು ಎಣಿಸಿದರು. ಸಬಾಟಿಯೆಯವರ ಮನಸ್ಸು ಆ ಅನಿಲದಲ್ಲಿಯೇ ನಿಂತಿತು. 1897ರಲ್ಲಿ ಸಾಂದೆರೆನ್ಸ್ ಎಂಬ ಪಾದ್ರಿಯೊಡಗೂಡಿ ಎಥಿಲೀನನ್ನು ಬಿಸಿ ನಿಕಲ್ಲಿನ ಮೇಲೆ ಹಾಯಿಸಿ, ಹೊರಬಂದುದನ್ನು ಪರೀಕ್ಷಿಸಿದರು. ಅದರಲ್ಲಿ ಬಹುಪಾಲು ಈಥೇನ್! ಎಥಿಲೀನಿನ ಒಂದು ಭಾಗ ಒಡೆದು ಹುಟ್ಟಿದ ಜಲಜನಕ, ಒಡೆಯದೆ ಉಳಿದ ಭಾಗವನ್ನು ಸೇರಿಕೊಂಡಿತ್ತು, ಸೇರಿಸಿದ್ದು ನಿಕಲ್. 1901ರಲ್ಲಿ ಇದೇ ದಾರಿಯಿಂದ, ಸುಲಭವಾಗಿ ಮಣಿಯದ ಬೆಂಜೀನನ್ನೂ ಸೈಕ್ಲೋಹೆಕ್ಸೇನನ್ನಾಗಿ ಮಾರ್ಪಡಿಸಿದರು.

ಹೀಗೆ ತಾನು ವ್ಯಯವಾಗದೆ ಕ್ರಿಯೆಯನ್ನು ನಡೆಸಿಕೊಡುವ ವಸ್ತುವಿಗೆ ವೇಗವರ್ಧಕವೆಂದು ಹೆಸರು. ಲೋಹ ಸ್ಪಂಜಿನಂತೆ ಅನಿಲಗಳನ್ನು ಹೀರಿ ಒತ್ತೊತ್ತಾಗಿ ಸೇರಿಸುತ್ತದೆ, ಕ್ರಿಯೆಗೆ ಅದೇ ಕಾರಣ ಎಂಬ ವಾದ ಆಗ ಬಳಕೆಯಲ್ಲಿತ್ತು. ಸಬಾಟಿಯೆ ಇದನ್ನು ಒಪ್ಪಲಿಲ್ಲ. ನಿಕಲ್ ಜಲಜನಕದೊಡನೆ ಕ್ಷಣಿಕವಾದ ಸಂಯುಕ್ತವೊಂದನ್ನು ರಚಿಸಿಕೊಂಡು, ಕೂಡಲೇ ಅದನ್ನು ಬಿಟ್ಟುಕೊಡುತ್ತದೆಯೆಂದರು. ಆ ಹಿಡಿತ ತೀರ ಸಡಿಲವಾದರೆ ಕ್ರಿಯೆ ನಡೆಯದು; ತೀರ ಬಿಗಿಯಾದರೂ ನಡೆಯದು. ಹತ್ತಿಸಿಕೊಳ್ಳಲೊಲ್ಲದ ಅಂಬಿಗನಿಂದ ಹೊಳೆ ದಾಟಲಾಗದು. ಆಚೆಯ ದಡದಲ್ಲಿ ಇಳಿಸಲೊಲ್ಲದ ಅಂಬಿಗನಿಂದಲೂ ದಾಟಲಾಗದು. ಈ ತತ್ತ್ವ ಇಂದಿಗೂ ಅವರ ಹೆಸರಿನಲ್ಲಿಯೇ ಸಲ್ಲುತ್ತಿದೆ.

ಇನ್ನು ನನ್ನ ಡಬ್ಬದ ಮಾತು. ಸಬಾಟಿಯೆ ದುಡಿದದ್ದು ಆವಿಗಳೊಡನೆ ಮಾತ್ರ. ದ್ರವರೂಪದ ಎಣ್ಣೆಗೇ ಜಲಜನಕವನ್ನು ಕೂಡಿಸಿ ಗಟ್ಟಿಮಾಡುವ ವಿಧಾನಕ್ಕೆ 1902ರಲ್ಲಿ ಹಕ್ಕುಪತ್ರ ಪಡೆದವರು ಜರ್ಮನಿಯ ವಿಲ್ಹೆಲ್ಮ್ ನಾರ್ಮನ್. ಅಲ್ಲಿಂದ ಬಂದದ್ದು ವನಸ್ಪತಿ. ತುಪ್ಪ ಕೊಳ್ಳಲಾಗದ ಮನೆಗಳಲ್ಲಿ ಅದು ಹಬ್ಬದಡಿಗೆಯನ್ನು ಸಾಗಿಸಿತು. ಆದರೆ ಎಣ್ಣೆಗೆ ಜಲಜನಕವನ್ನು ಅರೆಬರೆಯಾಗಿ ಕೂಡಿಸಿದಾಗ ಟ್ರಾನ್ಸ್ ಕೊಬ್ಬೆಂಬ ಮತ್ತೊಂದು ರೂಪವೂ ಹುಟ್ಟುತ್ತದೆ. ಅದು ಹೃದಯಕ್ಕೆ ಕೇಡೆಂದು ಮುಂದೆ ತಿಳಿಯಿತು. 2022ರ ಜನವರಿಯಿಂದ ನಮ್ಮ ದೇಶದಲ್ಲಿ ಅದರ ಮಿತಿ ನೂರಕ್ಕೆ 2 ಭಾಗ ಮಾತ್ರ. ನಮ್ಮ ತಾಯಿ ಅಕ್ಕರೆಯಿಂದ ಕರಿದು ಕೊಟ್ಟ ತಿಂಡಿಯನ್ನು ನೆನೆದಾಗ, ತಿಳಿವಳಿಕೆ ಎಷ್ಟು ತಡವಾಗಿ ಬರುತ್ತದೆಯೆಂದು ಮನಸ್ಸು ಮುದುಡುತ್ತದೆ.

ಅದೇ ನಿಕಲ್ಲಿಗೆ ಇನ್ನೊಂದು ಮುಖವೂ ಉಂಟು. ಇಂಗಾಲದ ಡೈ ಆಕ್ಸೈಡ್ ಜಲಜನಕದೊಡನೆ ಕೂಡಿದರೆ ಮೀಥೇನ್ ಮತ್ತು ನೀರು ದೊರೆಯುತ್ತವೆಂದು ಇವರಿಬ್ಬರೂ 1902ರಲ್ಲಿ ತೋರಿಸಿದ್ದರು. ಯಾತ್ರಿಕರು ಬಿಟ್ಟ ಉಸಿರಿನಿಂದ ನೀರು ಪಡೆಯಲೆಂದು, ಈ ಕ್ರಿಯೆಯನ್ನು ನಡೆಸುವ ಯಂತ್ರವನ್ನು 2010ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಒಯ್ದರು.

1912ರ ನೊಬೆಲ್ ಪ್ರಶಸ್ತಿಯನ್ನು ಸಬಾಟಿಯೆ ಗ್ರಿನ್ಯಾರ್ ಅವರೊಡನೆ ಹಂಚಿಕೊಂಡರು. ಮೊದಲಿನಿಂದ ಜೊತೆಗೆ ದುಡಿದ ಸಾಂದೆರೆನ್ಸ್‌ರಿಗೆ ಪಾಲು ಬರಲಿಲ್ಲ. ವೇಗವರ್ಧಕದ ಹೆಸರು ಕೊನೆಗೆ ದೊರೆತ ವಸ್ತುವಿನಲ್ಲಿ ಕಾಣಸಿಗದು. ಕೆಲವೊಮ್ಮೆ ಮನುಷ್ಯರ ಪಾಡೂ ಅಷ್ಟೆ. ಆದ್ದರಿಂದಲೇ ಈ ಕಥೆಯನ್ನು ಹೇಳುವಾಗ ಆ ಪಾದ್ರಿಯ ಹೆಸರನ್ನು ಬಿಡದೆ ಹೇಳಬೇಕೆನಿಸಿತು.