ಆರು ಮೂಲೆಯ ಕಲ್ಲಿನ ದ್ವೀಪ

ನೈಫ್‌ನ ನಮ್ಮ ರೂಮಿನಲ್ಲಿ ಏಳು ಜನ. ಐವರು ಉಡುಪಿ ಕಡೆಯವರು. ಮಲ್ಪೆಯ ಮೀನಿನ ಸುದ್ದಿ ಶುರುವಾದರೆ ರಾತ್ರಿ ಹನ್ನೆರಡಾದರೂ ಲೈಟ್ ಆರುವುದಿಲ್ಲ. ಆದರೆ ಅದೇ ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪಕ್ಕೆ, ಹಿರಿಯರು ತೋನ್ಸೆಪಾರ್ ಎನ್ನುತ್ತಿದ್ದ ಜಾಗಕ್ಕೆ, ನಮ್ಮಲ್ಲಿ ಒಬ್ಬರೂ ಹೋಗಿರಲಿಲ್ಲ. ನಮಗೆ ರಜೆ ಸಿಗುವುದು ಜುಲೈ, ಆಗಸ್ಟಿನಲ್ಲಿ. ಆಗ ಊರಲ್ಲಿ ಮಳೆ, ಕಡಲಿಗೆ ಸಿಟ್ಟು, ದ್ವೀಪದ ಬೋಟು ಬಂದ್. ರೂಮಿನ ಗೆಳೆಯರೊಬ್ಬರು ಮಗನನ್ನು ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟಾಗ ಅವನು ಒಂದನೇ ಕ್ಲಾಸು. ಎರಡು ವರ್ಷದ ಹಿಂದೆ ನಮ್ಮಿಬ್ಬರಿಗೂ ಡಿಸೆಂಬರಿನಲ್ಲಿ ರಜೆ ಸಿಕ್ಕಿ ಹೋದಾಗ ಅವನು ಒಂಬತ್ತನೇ ಕ್ಲಾಸು.

ಬೋಟು ಇಳಿದ ಹುಡುಗ ಸುತ್ತ ನೋಡಿ, "ಅಪ್ಪ, ಜ್ವಾಲಾಮುಖಿ ಅಂದಿದ್ರಿ, ಬೆಟ್ಟ ಎಲ್ಲಿ?" ಎಂದ. ನ್ಯಾಯವಾದ ಪ್ರಶ್ನೆ. ದ್ವೀಪ ನೀರಿನಿಂದ ಹತ್ತು ಮೀಟರ್ ಎದ್ದರೆ ಹೆಚ್ಚು.

ಪುಸ್ತಕದಲ್ಲಿ ಅವನು ನೋಡಿದ್ದು ಆಂಡಿಸ್ ಪರ್ವತದ ಜ್ವಾಲಾಮುಖಿ. ಈಕ್ವೆಡಾರಿನ ಚಿಂಬೊರಾಜೊ 6,263 ಮೀಟರ್. ಅಲ್ಲಿ ಶಾಂತಸಾಗರದ ತಳವೇ ದಕ್ಷಿಣ ಅಮೆರಿಕದ ಅಡಿಗೆ ಜಾರಿ ಇಳಿಯುತ್ತದೆ. ಜೊತೆಗೆ ಒಯ್ದ ನೀರು ಆಳದ ಬಿಸಿ ಬಂಡೆಗೆ ಸೇರಿದರೆ ಬಂಡೆ ಬೇಗ ಕರಗುತ್ತದೆ. ಮೇಲೆ ಬರುವ ಲಾವಾ ಮಂದ. ದೂರ ಹರಿಯದೆ, ಬೂದಿಯ ಮೇಲೆ ಲಾವಾ, ಲಾವಾದ ಮೇಲೆ ಬೂದಿ ಎಂದು ಪದರ ಪದರವಾಗಿ ಕೂತು ಶಂಕುವಿನಂಥ ಬೆಟ್ಟವಾಗುತ್ತದೆ. ಆಂಡಿಸೈಟ್ ಎಂಬ ಕಲ್ಲಿಗೆ ಹೆಸರು ಬಂದದ್ದೂ ಆ ಪರ್ವತದಿಂದಲೇ.

ಲಾವಾ ಮಂದವಾಗುವುದು ಸಿಲಿಕಾದಿಂದ. ಫಾರ್ಮಸಿಯಲ್ಲಿ ನಾವು ದಿನಾ ನೋಡುವ ವಸ್ತು ಅದು: ಮಾತ್ರೆ ಡಬ್ಬಿಯೊಳಗೆ 'ತಿನ್ನಬೇಡಿ' ಎಂದು ಬರೆದ ಪುಟ್ಟ ಪೊಟ್ಟಣ ಇರುತ್ತದಲ್ಲ, ಅದರಲ್ಲಿರುವುದೂ ಸಿಲಿಕಾವೇ. (ಒಂದು ಪೊಟ್ಟಣ ನುಂಗಿಬಿಟ್ಟೆ ಎಂದು ಹೆದರಿ ಓಡಿ ಬಂದವರನ್ನೂ ಕಂಡಿದ್ದೇವೆ!) ಮಲ್ಪೆಯ ಕಲ್ಲಿನಲ್ಲಿ ಅದು ಆಂಡಿಸೈಟಿಗಿಂತಲೂ ಜಾಸ್ತಿ, ರಯೋಲೈಟ್ ಜಾತಿಯ ಕಲ್ಲು.

ಇಲ್ಲಿಯ ಕಥೆ ಮಾತ್ರ ಬೇರೆ. ಸುಮಾರು 8.8 ಕೋಟಿ ವರ್ಷದ ಹಿಂದೆ ನಮ್ಮ ಕರಾವಳಿಗೆ ಅಂಟಿಕೊಂಡಿದ್ದ ಮಡಗಾಸ್ಕರ್ ಬೇರ್ಪಡುತ್ತಿತ್ತು. ಆ ಬಿರುಕಿನ ಕಾಲದಲ್ಲಿ ಉಕ್ಕಿದ ಲಾವಾ ಇದು. ಅದೇ ಕಾಲದ ಲಾವಾ ಮಡಗಾಸ್ಕರಿನಲ್ಲೂ ಇದೆ. ತಣಿಯುತ್ತಾ ಕುಗ್ಗಿದ ಲಾವಾ, ಬೇಸಿಗೆಯ ಕೆರೆಯ ಕೆಸರಿನ ಹಾಗೆ ಬಿರಿಯಿತು. ಬಿರುಕು ಮೇಲಿನಿಂದ ಒಳಗೊಳಗೆ ಇಳಿದು ಐದು, ಆರು, ಏಳು ಮೂಲೆಯ ಕಂಬಗಳಾದವು. ಕೆಲವು ಆಳಿಗಿಂತ ಎತ್ತರ. ಯಾರೋ ಶಿಲ್ಪಿ ಕಡೆದು ಜೋಡಿಸಿಟ್ಟಂತಿವೆ.

ಗೆಳೆಯರು ನೈಫ್‌ನ ರೂಮಿಗೆಂದು ಒಂದು ತುಂಡು ಕಲ್ಲು ಚೀಲಕ್ಕೆ ಹಾಕಿದರು. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಮಗನೇ ತೆಗೆಸಿ ಅಲ್ಲೇ ಇಡಿಸಿದ. ಅವರು ನಮ್ಮ ಮುಖ ನೋಡಿದರು. ನಾವು ಅವನ ಪಕ್ಷ.

ಹೋಗುವವರು ಮಳೆಗಾಲ ಕಳೆದ ಮೇಲೆ ಹೋಗಿ. ಪಾಚಿ ಹಿಡಿದ ಕಂಬ ಜಾರುತ್ತದೆ, ಫೋಟೋಕ್ಕೆಂದು ಅಂಚಿಗೆ ಹತ್ತಬೇಡಿ. ನಮ್ಮ ರೂಮಿನ ಮೂವರು ಈ ಸಲದ ರಜೆ ಅರ್ಜಿಯಲ್ಲಿ ಜನವರಿ ಎಂದು ಬರೆದಿದ್ದಾರೆ.