ಒಂದು ಸೀನಿನ ಹಿಂದಿರುವ ಜೀವ

ಮುಂಗಾರು ಮಳೆ ಬಿದ್ದು ಕೆಲವು ವಾರ ಕಳೆದರೆ ತಾಂಡವಪುರದ ರಸ್ತೆಯ ಅಂಚಿನಲ್ಲೂ ಖಾಲಿ ನಿವೇಶನಗಳಲ್ಲೂ ಪಾರ್ಥೇನಿಯಂ ಬಿಳಿಯ ಹೂ ತಳೆಯುತ್ತದೆ. ಜನರ ಬಾಯಲ್ಲಿ ಅದು ಕಾಂಗ್ರೆಸ್ ಗಿಡ. ಅದರ ಪರಾಗ ತಾಗಿದರೆ ಕೆಲವರಿಗೆ ಬಿಡದ ಸೀನು, ಮೂಗಿನ ಸೋರಿಕೆ, ಕಣ್ಣುರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂಗಿನ ಅಲರ್ಜಿಯುಳ್ಳ ರೋಗಿಗಳ ಪೈಕಿ ಶೇ 34ರಷ್ಟು ಮಂದಿಯ ಚರ್ಮ ಈ ಪರಾಗಕ್ಕೆ ಪ್ರತಿಕ್ರಿಯಿಸಿತ್ತು. ಇಂಥವರಿಗೆ ರಾತ್ರಿಯ ನಿದ್ರೆ ದೊರೆಯುವುದು ಒಂದು ಮಾತ್ರೆಯಿಂದ. ಆ ಮಾತ್ರೆ ಹಾದುಬಂದ ದಾರಿಯನ್ನು ಶ್ರಾವಕನು ಅರಿತಿರುವುದು ಒಳ್ಳೆಯದು.

ಪ್ರಯೋಗಾಲಯದಲ್ಲಿ ಗಿನಿಯಿಲಿಗೋ ಬಿಳಿಯಿಲಿಗೋ ಮೊದಲು ಪರಾಗದ ಸಾರವನ್ನು ಚುಚ್ಚಿ ಅಲರ್ಜಿ ಬರಿಸುತ್ತಾರೆ. ಕೆಲವು ವಾರಗಳ ಬಳಿಕ ಅದೇ ಸಾರವನ್ನು ಅದರ ಮೂಗಿಗೆ ಹನಿಸುತ್ತಾರೆ. ಎಷ್ಟು ಸಲ ಸೀನಿತು, ಮುಂಗಾಲಿನಿಂದ ಎಷ್ಟು ಸಲ ಮೂಗುಜ್ಜಿಕೊಂಡಿತು ಎಂದು ಎಣಿಸುತ್ತಾರೆ. ಔಷಧ ಕೊಟ್ಟ ಗುಂಪನ್ನೂ ಕೊಡದ ಗುಂಪನ್ನೂ ಹೋಲಿಸುತ್ತಾರೆ. ಕೊನೆಗೆ ಸಾಮಾನ್ಯವಾಗಿ ಪ್ರಾಣಿಯನ್ನು ಕೊಂದು ಮೂಗಿನ ಒಳಪೊರೆಯನ್ನು ಪರೀಕ್ಷಿಸುತ್ತಾರೆ.

ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಇಂಥ ಪ್ರಯೋಗವನ್ನು ನಿಷೇಧಿಸುವುದಿಲ್ಲ. ಸಾಧ್ಯವಿದ್ದಲ್ಲಿ ತಪ್ಪಿಸಬೇಕು, ದೊಡ್ಡ ಪ್ರಾಣಿಯ ಬದಲು ಇಲಿ, ಮೊಲ, ಕಪ್ಪೆಗಳಂಥ ಸಣ್ಣ ಪ್ರಾಣಿಗಳಿಂದ ಕೆಲಸ ನಡೆದರೆ ಹಾಗೆ ನಡೆಸಬೇಕು ಎನ್ನುತ್ತದೆ. ಜೈನ ದರ್ಶನ ನಿಲ್ಲುವುದು ಇಲ್ಲಿಯೇ. ಆನೆಯೂ ಪಂಚೇಂದ್ರಿಯ ಜೀವಿ, ಇಲಿಯೂ ಪಂಚೇಂದ್ರಿಯ ಜೀವಿ, ಎರಡಕ್ಕೂ ಮನಸ್ಸಿದೆ. ದೀಪವನ್ನು ಗಡಿಗೆಯೊಳಗಿಟ್ಟರೆ ಬೆಳಕು ಗಡಿಗೆಯಷ್ಟು, ಕೋಣೆಯಲ್ಲಿಟ್ಟರೆ ಕೋಣೆಯಷ್ಟು. ಜೀವವೂ ಹಾಗೆಯೇ ದೇಹದಷ್ಟು ಹರಡಿರುತ್ತದೆ. ದೇಹ ಕಿರಿದಾದ ಮಾತ್ರಕ್ಕೆ ನೋವು ಕಿರಿದಾಗದು.

ಗೃಹಸ್ಥನಿಗೆ ಆರಂಭಿ, ಉದ್ಯೋಗಿ, ವಿರೋಧಿ ಹಿಂಸೆಗಳನ್ನು ಪೂರ್ತಿ ಬಿಡಲಾಗದು. ಸಂಕಲ್ಪಿ ಹಿಂಸೆಯನ್ನು ಬಿಡಲೇಬೇಕು. ಸಂಶೋಧಕನ ಸಂಕಲ್ಪ ರೋಗಶಮನವೇ ಹೊರತು ಕೊಲೆಯಲ್ಲವೆಂಬ ವಾದವುಂಟು. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೂ ಆರೋಗ್ಯವಂತ ಜೀವಿಯನ್ನು ಆರಿಸಿ, ರೋಗ ಬರಿಸಿ, ಸಾವಿನ ದಿನವನ್ನು ಮೊದಲೇ ಗೊತ್ತುಮಾಡುವುದನ್ನು ಕೇವಲ ಉದ್ಯೋಗಿ ಹಿಂಸೆಯೆನ್ನುವುದು ಕಷ್ಟ. ಹಾಗೆಂದು ಉಸಿರು ಕಟ್ಟಿದ ಮಗುವಿಗೆ ಔಷಧ ಕೊಡದಿರುವುದು ಅಹಿಂಸೆಯಾಗದು. ಅದು ಕಣ್ಣೆದುರಿನ ಜೀವಕ್ಕೆ ಮಾಡುವ ನಿರ್ದಯೆ.

ಮ್ಯಾಂಚೆಸ್ಟರಿನ ವೈದ್ಯ ಚಾರ್ಲ್ಸ್ ಬ್ಲ್ಯಾಕ್ಲಿಗೆ ಪ್ರತಿವರ್ಷವೂ ಇದೇ ಬಾಧೆಯಿತ್ತು. ಆತ ಪರಾಗವನ್ನು ತನ್ನದೇ ಮೂಗಿಗೆ ಹಾಕಿಕೊಂಡ, ತನ್ನದೇ ತೋಳನ್ನು ಗೀರಿ ಹಚ್ಚಿಕೊಂಡ, ಗಾಳಿಪಟ ಹಾರಿಸಿ ಮೇಲಿನ ಗಾಳಿಯ ಪರಾಗವನ್ನೂ ಹಿಡಿದ. 1873ರಲ್ಲಿ ಪ್ರಕಟವಾದ ಆತನ ಗ್ರಂಥ ಈ ರೋಗಕ್ಕೆ ಪರಾಗವೇ ಕಾರಣವೆಂದು ತೋರಿಸಿತು. ಆತ ಜೈನನಲ್ಲ, ಆದರೆ ಪರೀಕ್ಷೆಯ ನೋವನ್ನು ತಾನೇ ಉಂಡವನು. ಅದಕ್ಕೂ ಸಾವಿರ ವರ್ಷ ಹಿಂದೆ, ನೃಪತುಂಗನ ಕಾಲದ ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ಮದ್ಯ, ಮಾಂಸ, ಮಧುಗಳಿಲ್ಲದೆ ರಚಿಸಿದ್ದರು.

ಈಗ ದಾರಿ ತುಸು ತೆರೆದಿದೆ. 2023ರಲ್ಲಿ ಕೇಂದ್ರ ಸರ್ಕಾರವು ಹೊಸ ಔಷಧಗಳ ನಿಯಮಗಳಿಗೆ ತಿದ್ದುಪಡಿ ತಂದು, ಮಾನವ ಜೀವಕೋಶಗಳ ಮೇಲೆ ನಡೆಸುವ ಪರೀಕ್ಷೆಗಳಂಥ ಪ್ರಾಣಿರಹಿತ ವಿಧಾನಗಳಿಗೂ ಅವಕಾಶ ನೀಡಿತು. ಮನೆಯಲ್ಲಿ ಆಗುವ ಕೆಲಸವೂ ಇದೆ: ಗಿಡ ಹೂಬಿಡುವ ಮೊದಲೇ ಕೈಗವಸು ತೊಟ್ಟು ಕೀಳುವುದು, ಹೊರಗೆ ಮೂಗು ಮುಚ್ಚಿಕೊಳ್ಳುವುದು, ವೈದ್ಯರನ್ನು ಕೇಳಿ ಉಪ್ಪುನೀರಿನಿಂದ ಮೂಗು ತೊಳೆಯುವುದು. ಆ ನೀರನ್ನು ಕಾಸಿ ಆರಿಸಿರಬೇಕು. ಸೋಸಿ ಕಾಸಿದ ನೀರು ವ್ರತಸ್ಥ ಜೈನರ ಮನೆಯಲ್ಲಿ ಹೇಗೂ ಇರುತ್ತದೆ.